ಕಂಬದೊಳಗಿನ ಹೃದಯ

ವಾರ್ಸಾಗೆ ಬಂದ ಮೊದಲ ಚಳಿಗಾಲದಲ್ಲಿ, ಪೋಲಿಷ್ ಇನ್ನೂ ನಾಲಿಗೆಗೆ ಹತ್ತದಿದ್ದಾಗ, ಪೋಲಿಷ್ ಲೇಖಕಿ ಓಲ್ಗಾ ತೊಕಾರ್ಚುಕ್ ಅವರ ‘ಬ್ಯೆಗುನಿ’ಯನ್ನು ಇಂಗ್ಲಿಷ್ ಅನುವಾದದಲ್ಲಿ ಹಿಡಿದೆ. ಕಚೇರಿಗೆ ಹೋಗುವ ಟ್ರಾಮಿನಲ್ಲೇ ಓದು. ಪುಸ್ತಕವೂ ಅದಕ್ಕೆ ತಕ್ಕಂತಿದೆ: ನೂರಕ್ಕೂ ಹೆಚ್ಚು ತುಣುಕುಗಳು, ಕೆಲವು ನೀಳ್ಗತೆಯಷ್ಟು, ಕೆಲವು ಬೆರಳೆಣಿಕೆಯ ಸಾಲುಗಳು. ಎರಡು ನಿಲ್ದಾಣಗಳ ನಡುವೆ ಒಂದು ಮುಗಿದುಬಿಡುತ್ತದೆ.

ಹೆಸರನ್ನು ಕನ್ನಡಕ್ಕೆ ತರುವುದು ಕಷ್ಟ. ನಿಂತರೆ ಸೈತಾನ ಹಿಡಿಯುತ್ತಾನೆಂದು ಸದಾ ಅಲೆಯುತ್ತಿದ್ದ ರಷ್ಯಾದ ಒಂದು ಪಂಥದವರು ಬ್ಯೆಗುನಿಗಳು. ‘ಓಡುವವರು’ ಎಂದರೆ ಸಪ್ಪೆ. ‘ಜಂಗಮರು’ ಎಂದರೆ ಅತಿಯಾಯಿತು.

ಇದನ್ನು ಕಾದಂಬರಿ ಎನ್ನಬಹುದೇ? 2007ರ ಈ ಪುಸ್ತಕಕ್ಕೆ ಮರುವರ್ಷವೇ ಪೋಲೆಂಡಿನ ನಿಕೆ ಸಾಹಿತ್ಯ ಪ್ರಶಸ್ತಿ ಬಂತು, ಓದುಗರ ಮತದ ನಿಕೆಯೂ ಬಂತು. ಜೆನಿಫರ್ ಕ್ರಾಫ್ಟ್ ಅವರ ಅನುವಾದ ಲಂಡನ್ನಿನಲ್ಲಿ ಅಚ್ಚಾಗಲು ಮಾತ್ರ 2017ರವರೆಗೆ ಕಾಯಬೇಕಾಯಿತು. 2018ರಲ್ಲಿ ಮ್ಯಾನ್ ಬೂಕರ್ ಇಂಟರ್‌ನ್ಯಾಷನಲ್; 50,000 ಪೌಂಡನ್ನು ಲೇಖಕಿ, ಅನುವಾದಕಿ ಸಮನಾಗಿ ಹಂಚಿಕೊಂಡರು. ಆಮೇಲೆ ನೊಬೆಲ್. ಆದರೂ ನನ್ನ ಸಹೋದ್ಯೋಗಿಯೊಬ್ಬರು ಪಟ್ಟು ಬಿಡುವುದಿಲ್ಲ: “ಟಿಪ್ಪಣಿ ಪುಸ್ತಕಕ್ಕೆ ರಟ್ಟು ಹಾಕಿದ್ದಾರೆ, ಅಷ್ಟೇ.” ಲೇಖಕಿ ಇದನ್ನು ನಕ್ಷತ್ರಪುಂಜಕ್ಕೆ ಹೋಲಿಸುತ್ತಾರೆ, ಚುಕ್ಕಿಗಳನ್ನು ಓದುಗನೇ ಜೋಡಿಸಿಕೊಳ್ಳಬೇಕು. ನನಗೆ ಕೆಲವೆಡೆ ಚುಕ್ಕಿ ಇಟ್ಟು, ಗೆರೆ ಎಳೆಯದೆ ಎದ್ದುಹೋದ ರಂಗೋಲಿ ನೆನಪಾಯಿತು. ಕ್ರೊಯೇಷಿಯಾದ ವೀಸ್ ದ್ವೀಪದಲ್ಲಿ ಕುನಿತ್ಸ್ಕಿಯ ಹೆಂಡತಿ, ಮಗು ಕಾರಿನಿಂದಿಳಿದು ಕಾಣೆಯಾಗುತ್ತಾರೆ. ಕಥೆ ಅಲ್ಲೇ ತುಂಡಾಗಿ ಬಹಳ ಪುಟಗಳಾಚೆ ತಲೆ ಎತ್ತುತ್ತದೆ. ಹೆಂಡತಿ, ಮಗು ಮರಳಿದ್ದಾರೆ. ಎಲ್ಲಿದ್ದರೆಂಬುದಕ್ಕೆ ಸಮಾಧಾನವಾಗುವ ಉತ್ತರವಿಲ್ಲ. ಆ ದಿನ ಸಿಟ್ಟಿನಿಂದ ಪುಸ್ತಕ ಮುಚ್ಚಿದ್ದೆ.

ಶೋಪ್ಯಾನ ತುಣುಕು ಬೇರೆಯೇ. 1849ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ ಈ ಪೋಲಿಷ್ ಸಂಗೀತಗಾರನ ಹೃದಯವನ್ನು ಅಕ್ಕ ಲುದ್ವಿಕಾ ಗಾಜಿನ ಜಾಡಿಯಲ್ಲಿಟ್ಟು, ಲಂಗದ ಕೆಳಗೆ ಬಚ್ಚಿಟ್ಟು ಗಡಿ ದಾಟಿಸಿ ವಾರ್ಸಾಗೆ ತರುತ್ತಾಳೆ. ಓದಿದ ಭಾನುವಾರವೇ, ಆ ಹೃದಯವಿರುವ ಇಲ್ಲಿನ ಹೋಲಿ ಕ್ರಾಸ್ ಚರ್ಚಿಗೆ ಹೋದೆ. ಎಡಸಾಲಿನ ಒಂದು ಕಂಬ, ಬಿಳಿ ಕಲ್ಲಿನ ಫಲಕ, ಕೆಳಗೆ ಹೂವು. ಒಬ್ಬ ಮುದುಕಿ ಒದ್ದೆ ಕೈಗವಸು ಕಳಚಿ ಕಲ್ಲನ್ನು ಮುಟ್ಟಿ ಹೋದರು.

ರಾತ್ರಿ ಫೋನಿನಲ್ಲಿ ಅಮ್ಮನಿಗೆ ಹೇಳಿದೆ.

“ಉಳಿದ ದೇಹ?”

“ಪ್ಯಾರಿಸ್‌ನಲ್ಲೇ ಇದೆ ಅಮ್ಮ.”

“ಇಷ್ಟು ವರ್ಷವಾದರೂ ಯಾರೂ ಒಂದುಗೂಡಿಸಲಿಲ್ಲವೇ?”