ಮಾವನ ಫಾರ್ವರ್ಡ್, ಕ್ಯೋಟೊದ ನೀಲಿ ಪುಡಿ

ನನ್ನ ಅಡುಗೆಮನೆಯ ಸಿಂಕಿನ ಪಕ್ಕ ಯಾವಾಗಲೂ ನಾಲ್ಕೈದು ಖಾಲಿ ಬಾಟಲಿಗಳು ತಲೆಕೆಳಗಾಗಿ ನಿಂತಿರುತ್ತವೆ. ಮುಚ್ಚಳ ತೆಗೆಯಬೇಕು, ಸುತ್ತಲಿನ ಲೇಬಲ್ ಸುಲಿಯಬೇಕು, ಒಳಗೆ ತೊಳೆದು ಒಣಗಿಸಬೇಕು. ಬಾಟಲಿ ಒಂದು ಚೀಲಕ್ಕೆ, ಮುಚ್ಚಳ ಲೇಬಲ್ಲು ಇನ್ನೊಂದಕ್ಕೆ. ತಪ್ಪಿದರೆ ಕಸದವರು ಚೀಲಕ್ಕೆ ಚೀಟಿ ಅಂಟಿಸಿ ಅಲ್ಲೇ ಬಿಟ್ಟು ಹೋಗುತ್ತಾರೆ. ಕ್ಯೋಟೊಗೆ ಬಂದ ಹೊಸದರಲ್ಲಿ ನನ್ನ ಚೀಲ ಎರಡು ಸಲ ಹಾಗೆ ಕೂತಿತ್ತು. ಅದು ಮೂರನೇ ಮಹಡಿಯವಳದ್ದು ಅಂತ ಇಡೀ ಬೀದಿಗೆ ಗೊತ್ತು.

ಒಂದು ದಿನ ವಿಡಿಯೊ ಕಾಲ್‌ನಲ್ಲಿ ಮಾವ ಇದನ್ನು ನೋಡಿದರು. ರಿಟೈರ್ ಆದಮೇಲೆ ಮಾವ ವಿಜ್ಞಾನ ಹಿಡಿದಿದ್ದಾರೆ. ದಿನಕ್ಕೆ ಮೂರು ಫಾರ್ವರ್ಡ್ ಗ್ಯಾರಂಟಿ.

"ಏನಮ್ಮಾ, ಪ್ಲಾಸ್ಟಿಕ್ ತಿನ್ನೋ ಹುಳ ಕಂಡುಹಿಡಿದಿದ್ದೇ ನಿಮ್ಮ ಜಪಾನಿನವರಂತೆ. ಆ ಹುಳಕ್ಕೆ ಹಾಕೋದು ಬಿಟ್ಟು ನೀನ್ಯಾಕೆ ತೊಳೀತಾ ಕೂತಿದ್ದೀಯ?"

ನಗು ಬಂತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ನಾನು ಇಲ್ಲಿನ ಒಂದು ಲ್ಯಾಬಿನಲ್ಲಿ ಟೆಕ್ನೀಷಿಯನ್. ಪುಡಿ ತಯಾರಿಸುವುದು, ಒಣಗಿಸುವುದು, ಅಳೆಯುವುದು ನನ್ನ ಕೆಲಸ. ಪೇಪರಿನಲ್ಲಿ "ಕಂಡುಹಿಡಿದರು" ಅಂತ ಬರುವ ಒಂದು ಪದದ ಹಿಂದೆ ಎಷ್ಟು ವರ್ಷ, ಮುಂದೆ ಎಷ್ಟು ವರ್ಷ ಇರುತ್ತದೆ ಅನ್ನೋದು ಇಲ್ಲಿಗೆ ಬಂದಮೇಲೆ ನನಗೂ ಅರ್ಥವಾಗಿದ್ದು. ಮಾವನಿಗೆ ಅವತ್ತು ಅರ್ಧ ಗಂಟೆ ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ಅದು ಹುಳ ಅಲ್ಲ, ಬ್ಯಾಕ್ಟೀರಿಯಾ. ಓಸಾಕಾದ ಪಕ್ಕದಲ್ಲಿ ಸಾಕಾಯ್ ಅಂತ ಒಂದು ಊರಿದೆ. ಅಲ್ಲಿ ಬಾಟಲಿಗಳನ್ನು ರೀಸೈಕಲ್ ಮಾಡುವ ಜಾಗದ ಸುತ್ತಮುತ್ತಲಿನ ಮಣ್ಣು, ಕೆಸರು, ಕೊಳಚೆ ನೀರು ಎಲ್ಲಾ ಸೇರಿ 250 ಸ್ಯಾಂಪಲ್ ತಂದು ನೋಡಿದರು. ಕ್ಯೋಟೊ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಕೋಹೆಯಿ ಓಡಾ ಅವರ ತಂಡ ಶುರು ಮಾಡಿದ ಕೆಲಸ ಅದು. ಅದರಲ್ಲಿ ಒಂದು ಬ್ಯಾಕ್ಟೀರಿಯಾ ಪ್ಲಾಸ್ಟಿಕ್ಕನ್ನೇ ಊಟ ಮಾಡಿ ಬದುಕುತ್ತಿತ್ತು. ಊರಿನ ಹೆಸರನ್ನೇ ಅದಕ್ಕಿಟ್ಟರು: ಇಡಿಯೊನೆಲ್ಲಾ ಸಾಕಾಯೆನ್ಸಿಸ್. 2016ರಲ್ಲಿ ಸುದ್ದಿ ಜಗತ್ತಿಗೆಲ್ಲ ಹಬ್ಬಿತು.

ಈಗ ಫಾರ್ವರ್ಡ್‌ನಲ್ಲಿ ಬಾರದ ಭಾಗ. ಅದು ತಿಂದಿದ್ದು ಬಾಟಲಿಯನ್ನಲ್ಲ. ಬಾಟಲಿ ಮಾಡುವ ಪೆಟ್ ಅನ್ನೋ ಪ್ಲಾಸ್ಟಿಕ್ಕಿನದೇ ತೆಳುವಾದ, ಮೆತ್ತನೆಯ ಹಾಳೆಯೊಂದನ್ನು. ಅದಕ್ಕೂ 30 ಡಿಗ್ರಿ ಶಾಖದಲ್ಲಿ ಸುಮಾರು ಆರು ವಾರ ಬೇಕಾಯಿತು.

ಹಾಳೆಗೂ ಬಾಟಲಿಗೂ ಏನು ವ್ಯತ್ಯಾಸ, ಎರಡೂ ಒಂದೇ ಪ್ಲಾಸ್ಟಿಕ್ ಅಲ್ವಾ? ಒಂದೇ. ಆದರೆ ಬಾಟಲಿ ಮಾಡುವಾಗ ಬಿಸಿ ಪ್ಲಾಸ್ಟಿಕ್ಕಿಗೆ ಗಾಳಿ ಊದಿ ಹಿಗ್ಗಿಸುತ್ತಾರೆ. ಆಗ ಒಳಗಿನ ಉದ್ದುದ್ದ ಸರಪಳಿಗಳು ಒಂದರ ಪಕ್ಕ ಒಂದು ಒತ್ತಾಗಿ ಜೋಡಿಕೊಳ್ಳುತ್ತವೆ. ಮೆತ್ತನೆಯ ಹಾಳೆ ಹಿಂಜಿದ ಹತ್ತಿ ಇದ್ದ ಹಾಗೆ, ಬಾಟಲಿ ಬಿಗಿಯಾಗಿ ಹೊಸೆದ ಹಗ್ಗ ಇದ್ದ ಹಾಗೆ. ಈ ಸರಪಳಿ ಕತ್ತರಿಸಲು ಬ್ಯಾಕ್ಟೀರಿಯಾ ಬಿಡುವ ಪ್ರೋಟೀನಿಗೆ ಕಿಣ್ವ ಅನ್ನುತ್ತಾರೆ. ಅದಕ್ಕೆ ಹತ್ತಿಯೊಳಗೆ ಬೆರಳು ತೂರುತ್ತದೆ, ಹಗ್ಗದೊಳಗೆ ತೂರುವುದಿಲ್ಲ.

ಅದಕ್ಕೇ ಆಮೇಲಿನವರು ಬ್ಯಾಕ್ಟೀರಿಯಾವನ್ನು ಬಿಟ್ಟು ಕಿಣ್ವವನ್ನು ಹಿಡಿದರು. 2020ರಲ್ಲಿ ಫ್ರಾನ್ಸಿನವರು ಬೇರೊಂದು ಕಿಣ್ವವನ್ನು ತಿದ್ದಿ, 72 ಡಿಗ್ರಿಯಲ್ಲಿ, ಹತ್ತು ಗಂಟೆಯಲ್ಲಿ ನೂರಕ್ಕೆ 90 ಭಾಗದಷ್ಟು ಪ್ಲಾಸ್ಟಿಕ್ಕನ್ನು ಮೂಲ ವಸ್ತುವಾಗಿ ಒಡೆದು ತೋರಿಸಿದರು. 2022ರಲ್ಲಿ ಅಮೆರಿಕದ ಟೆಕ್ಸಾಸ್‌ನವರು ಸಾಕಾಯ್ ಕಿಣ್ವವನ್ನೇ ತೆಗೆದುಕೊಂಡು, ಎಲ್ಲಿ ಬದಲಾಯಿಸಿದರೆ ಗಟ್ಟಿಯಾಗುತ್ತದೆ ಅಂತ ಕಂಪ್ಯೂಟರನ್ನು ಕೇಳಿ ತಿದ್ದಿದರು. ಅದು 50 ಡಿಗ್ರಿಯಲ್ಲೇ ಹಣ್ಣು ತುಂಬುವ ಪ್ಲಾಸ್ಟಿಕ್ ಡಬ್ಬಿಯಂಥದ್ದನ್ನು ವಾರದಲ್ಲಿ ಕರಗಿಸಿತು. ಹತ್ತು ವರ್ಷದೊಳಗೆ ಇಷ್ಟು ದೂರ ಬಂದಿದ್ದು ನಿಜಕ್ಕೂ ದೊಡ್ಡದು. ಆದರೂ ಬಾಟಲಿಯನ್ನು ಮೊದಲು ಪುಡಿ ಮಾಡಬೇಕು. ಬಿಸಿ ಮಾಡಿ ತಟ್ಟನೆ ತಣಿಸಿ ಆ ಹಗ್ಗವನ್ನು ಮತ್ತೆ ಹತ್ತಿ ಮಾಡಿಕೊಳ್ಳಬೇಕು. ಬೇರೆ ಪ್ಲಾಸ್ಟಿಕ್ ಬೆರೆತಿರಬಾರದು. ಅಂದರೆ ಮುಚ್ಚಳ, ಲೇಬಲ್ ಬಿಡಿಸಿಯೇ ಕೊಡಬೇಕು. ಏಕೆಂದರೆ ಅವು ಸಾಮಾನ್ಯವಾಗಿ ಪೆಟ್ ಅಲ್ಲ, ಬೇರೆ ಜಾತಿಯ ಪ್ಲಾಸ್ಟಿಕ್.

"ಅಂದ್ರೆ ತೊಳೆಯೋದು ತಪ್ಪಲ್ಲ" ಅಂದರು ಮಾವ. ಸ್ವಲ್ಪ ಬೇಜಾರಾಗಿತ್ತು ಅವರಿಗೆ.

2025ರ ಅಕ್ಟೋಬರ್ 8ರ ಸಂಜೆ ಮಾವನ ಫಾರ್ವರ್ಡ್ ನನಗಿಂತ ಮುಂಚೆ ಬರಲಿಲ್ಲ. ಅದೊಂದೇ ಸಲ. ಇಲ್ಲಿ ಆರೂಮುಕ್ಕಾಲು ಗಂಟೆ. ಲ್ಯಾಬಿನಲ್ಲಿ ಯಾರೂ ಮನೆಗೆ ಹೋಗಿರಲಿಲ್ಲ. (ಇಲ್ಲಿ ಆರೂಮುಕ್ಕಾಲಿಗೆ ಮನೆಗೆ ಹೋಗುವವರೇ ಕಡಿಮೆ ಬಿಡಿ.) ರಸಾಯನಶಾಸ್ತ್ರದ ನೊಬೆಲ್ ಕ್ಯೋಟೊ ವಿಶ್ವವಿದ್ಯಾಲಯದ ಸುಸುಮು ಕಿತಾಗಾವಾ, ಮೆಲ್ಬರ್ನ್‌ನ ರಿಚರ್ಡ್ ರಾಬ್ಸನ್, ಬರ್ಕ್‌ಲಿಯ ಒಮರ್ ಯಾಘಿ ಮೂವರಿಗೂ ಅಂತ ಘೋಷಣೆಯಾಯಿತು. ಮಾತೇ ಆಡದ ನಮ್ಮ ಪಿಎಚ್‌ಡಿ ಹುಡುಗನೊಬ್ಬ ಎದ್ದು ನಿಂತು ಚಪ್ಪಾಳೆ ಹೊಡೆದ. ನೊಬೆಲ್ ಫೋನ್ ಬಂದಾಗ ಕಿತಾಗಾವಾ ಅವರು ಏನೋ ಮಾರುವವರ ಕರೆ ಅಂದುಕೊಂಡು ಸ್ವಲ್ಪ ಗಡುಸಾಗಿಯೇ ಮಾತಾಡಿದರಂತೆ. ಅದೇ ವಾರ ಸೋಮವಾರ ವೈದ್ಯಕೀಯದ ನೊಬೆಲ್ ಹಂಚಿಕೊಂಡವರಲ್ಲಿ ಓಸಾಕಾದ ಶಿಮೋನ್ ಸಾಕಾಗುಚಿ ಇದ್ದರು. ನಮ್ಮ ದೇಹದ ಕಾವಲು ಕೋಶಗಳು ನಮ್ಮ ಮೇಲೇ ಬೀಳದಂತೆ ತಡೆಯುವ ಟಿ ಕೋಶಗಳನ್ನು 1995ರಲ್ಲಿ ತೋರಿಸಿಕೊಟ್ಟವರು. ಒಂದೇ ವಾರಕ್ಕೆ ಎರಡು. ರೈಲಿನಲ್ಲಿ, ಅಂಗಡಿಯಲ್ಲಿ ಅದೇ ಮಾತು.

ಈ ರಸಾಯನಶಾಸ್ತ್ರದ ನೊಬೆಲ್ ನನ್ನ ಕೆಲಸಕ್ಕೆ ಹತ್ತಿರದ್ದು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಅವರು ಮಾಡಿದ್ದು ತೂತುಗಳನ್ನು. ಲೋಹದ ಅಯಾನುಗಳನ್ನು ಗಂಟುಗಳಂತೆ ಇಟ್ಟು, ಕಾರ್ಬನ್ನಿನ ಉದ್ದ ಅಣುಗಳನ್ನು ಗಳುಗಳಂತೆ ಜೋಡಿಸಿದರೆ ಚಪ್ಪರದ ಥರ ಒಂದು ಕಟ್ಟಣೆ ಆಗುತ್ತದೆ. ಒಳಗೆಲ್ಲ ಖಾಲಿ ಜಾಗ. ಇದನ್ನು ಮೆಟಲ್-ಆರ್ಗ್ಯಾನಿಕ್ ಫ್ರೇಮ್‌ವರ್ಕ್, ಚಿಕ್ಕದಾಗಿ ಮಾಫ್ ಅನ್ನುತ್ತಾರೆ. ಕೆಲವು ಮಾಫ್‌ಗಳ ಎರಡು ಮೂರು ಗ್ರಾಂ ಪುಡಿಯ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಒಂದು ಫುಟ್‌ಬಾಲ್ ಮೈದಾನ ಮುಚ್ಚುತ್ತದೆ. ಆ ಗೋಡೆಗಳಿಗೆ ಅನಿಲ ಅಂಟಿಕೊಳ್ಳುತ್ತದೆ, ನೀರು ಅಂಟಿಕೊಳ್ಳುತ್ತದೆ. ಯಾವುದು ಅಂಟಬೇಕು ಅನ್ನೋದನ್ನು ಗಳು, ಗಂಟು ಬದಲಾಯಿಸಿ ನಾವೇ ಆರಿಸಬಹುದು.

ರಾಬ್ಸನ್ 1989ರಲ್ಲೇ ಇಂಥ ಕಟ್ಟಣೆ ಮಾಡಿದ್ದರು, ಆದರೆ ಬೇಗ ಕುಸಿಯುತ್ತಿತ್ತು. ಕಿತಾಗಾವಾ 1992ರಲ್ಲಿ ಮೊದಲದ್ದನ್ನು ಮಾಡಿದಾಗ ಅದರಿಂದ ಏನೂ ಉಪಯೋಗ ಕಾಣುತ್ತಿರಲಿಲ್ಲ. ಹಣ ಕೇಳಿದರೆ ಸಿಗಲಿಲ್ಲ. ತೂತಿರುವ ಗಟ್ಟಿ ವಸ್ತು ಬೇಕಾದರೆ ಜಿಯೊಲೈಟ್ ಅನ್ನೋ ಖನಿಜ ಇದೆಯಲ್ಲ, ಇದ್ಯಾಕೆ ಅನ್ನುವ ಮಾತು. 1997ರಲ್ಲಿ ಅವರ ಕಟ್ಟಣೆಯೊಳಗೆ ಮೀಥೇನ್, ನೈಟ್ರೋಜನ್, ಆಕ್ಸಿಜನ್ ಹೋಗಿ ಬಂದವು, ಕಟ್ಟಣೆ ಅಲುಗಲಿಲ್ಲ. ಅಲ್ಲಿಂದ ನೊಬೆಲ್‌ಗೆ 28 ವರ್ಷ. ಉಪಯೋಗಕ್ಕೆ ಬಾರದ್ದರ ಉಪಯೋಗ ಅಂತ ಹಳೆಯ ಚೀನಾದ ಜ್ವಾಂಗ್‌ಜಿಯ ಒಂದು ಮಾತಿದೆ. ಕಿತಾಗಾವಾ ಅದನ್ನು ಆಗಾಗ ಹೇಳುತ್ತಾರೆ. ನಮ್ಮ ಲ್ಯಾಬಿನವರಿಗೆ ಅದು ಬಾಯಿಪಾಠ. ಎಕ್ಸ್‌ಪೆರಿಮೆಂಟ್ ಕೆಟ್ಟಾಗೆಲ್ಲ ಯಾರಾದರೂ ಒಬ್ಬರು ಅದನ್ನು ಹೇಳಿ ಬೈಸಿಕೊಳ್ಳುತ್ತಾರೆ.

ನಾನು ಮೊದಲು ಕಲಿತ ಮಾಫ್ ತಾಮ್ರದ್ದು. ಹಾಂಗ್‌ಕಾಂಗ್‌ನಲ್ಲಿ 1999ರಲ್ಲಿ ಮಾಡಿದ್ದು, ಹೊಸಬರಿಗೆಲ್ಲ ಅದನ್ನೇ ಕೊಡುತ್ತಾರೆ. ತಾಮ್ರದ ಉಪ್ಪು (ಗಂಟು), ಟ್ರೈಮೆಸಿಕ್ ಆಮ್ಲ (ಗಳು) ಎರಡನ್ನೂ ದ್ರಾವಣದಲ್ಲಿ ಕಲಸಿ ರಾತ್ರಿಯಿಡೀ ಬಿಸಿ ಮಾಡಿದರೆ ತಳದಲ್ಲಿ ತಿಳಿನೀಲಿ ಹರಳುಪುಡಿ ಕೂರುತ್ತದೆ. ಅದನ್ನು ತೊಳೆದು, ವ್ಯಾಕ್ಯೂಮ್ ಓವನ್‌ನಲ್ಲಿ 150 ಡಿಗ್ರಿಗೆ ಇಟ್ಟರೆ ಬಣ್ಣ ಮೆಲ್ಲಗೆ ಕಪ್ಪಾಗುತ್ತಾ ಹೋಗಿ ಗಾಢ ನೇರಳೆ ಆಗುತ್ತದೆ. ಪ್ರತಿ ತಾಮ್ರಕ್ಕೂ ಒಂದೊಂದು ನೀರಿನ ಅಣು ಅಂಟಿಕೊಂಡಿರುತ್ತದೆ, ಅದು ಬಿಟ್ಟು ಹೋದ ಗುರುತು ಅದು. ಆಮೇಲೆ ಸೀಸೆಯ ಮುಚ್ಚಳ ತೆಗೆದರೆ ಸಾಕು, ಗಾಳಿಯ ತೇವ ಕುಡಿದು ಕಣ್ಣೆದುರೇ ಮತ್ತೆ ತಿಳಿನೀಲಿಯಾಗುತ್ತದೆ. ಜೂನ್‌ನಲ್ಲಿ ಇಲ್ಲಿ ತ್ಸುಯು ಅನ್ನೋ ಮಳೆಗಾಲ. ಆಗಂತೂ ಕಾಯಲೇ ಬೇಕಾಗಿಲ್ಲ.

ಆ ತ್ಸುಯುವಿನಲ್ಲೇ ನಾನೊಂದು ಎಡವಟ್ಟು ಮಾಡಿದೆ. ಶುಕ್ರವಾರ ಸಂಜೆ ಒಣಗಿಸಿದ ಪುಡಿಯ ಮುಚ್ಚಳ ಸರಿಯಾಗಿ ತಿರುಗಿಸದೆ ಬೆಂಚಿನ ಮೇಲೆ ಬಿಟ್ಟು ಹೋದೆ. ಸೋಮವಾರ ನೋಡಿದರೆ ತಿಳಿನೀಲಿ. ಪರವಾಗಿಲ್ಲ, ಮತ್ತೆ ಒಣಗಿಸಿದರಾಯಿತು ಅಂದುಕೊಂಡೆ. ಒಣಗಿಸಿದೆ. ಬಣ್ಣ ನೇರಳೆಯೂ ಆಯಿತು. ದ್ರವ ನೈಟ್ರೋಜನ್ನಿನಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಒಳಗೋಡೆಯ ವಿಸ್ತೀರ್ಣ ಅಳೆದರೆ ಮೊದಲಿನದರ ಅರ್ಧವೂ ಇಲ್ಲ. ನೀರು ಕುಡಿಯುತ್ತಾ ಕುಡಿಯುತ್ತಾ ಕಟ್ಟಣೆಯೇ ಅಲ್ಲಲ್ಲಿ ಮುರಿದಿತ್ತು. ಸೆನ್ಸೇ, ಅಂದರೆ ನಮ್ಮ ಲ್ಯಾಬಿನ ಪ್ರೊಫೆಸರ್, ಬೈಯಲಿಲ್ಲ. ಗ್ರಾಫ್ ನೋಡಿ "ಹ್ಮ್" ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುಭೂಮಿಯ ಗಾಳಿಯಿಂದ ನೀರು ಹಿಡಿಯುವ ಪುಡಿ ಅಂತ ಮಾವ ಕಳಿಸಿದಾಗ ನನಗೆ ನೆನಪಾಗಿದ್ದು ಆ ಸೋಮವಾರ. ಆ ಸುದ್ದಿ ಸುಳ್ಳಲ್ಲ. ಯಾಘಿ ಅವರ ಗುಂಪು ಅರಿಜೋನಾದ ಒಣಗಾಳಿಯಿಂದ ರಾತ್ರಿ ನೀರು ಹಿಡಿದು, ಬೆಳಗಿನ ಬಿಸಿಲಿಗೆ ಬಿಡಿಸಿಕೊಂಡಿದ್ದಾರೆ. ಆದರೆ ನೀರನ್ನು ಕುಡಿದರೆ ಸಾಲದು, ಕುಡಿದೂ ಮುರಿಯಬಾರದು. ಸಾವಿರಾರು ಸಲ ಕುಡಿದು ಬಿಡಬೇಕು. ಅದಕ್ಕೆ ಅವರು ಬಳಸಿದ್ದು ತಾಮ್ರವಲ್ಲ, ಜಿರ್ಕೋನಿಯಂ, ಅಲ್ಯುಮಿನಿಯಂ ಗಂಟುಗಳನ್ನು. ಈ ಒಂದು ಆಯ್ಕೆ ಫಾರ್ವರ್ಡ್‌ನಲ್ಲಿ ಅರ್ಧ ಸಾಲೂ ಇರುವುದಿಲ್ಲ. ಯಾರೋ ನನ್ನಂಥವರ ಎಷ್ಟು ಸೋಮವಾರಗಳು ಅದರಲ್ಲಿ ಹೋಗಿವೆಯೋ.

ಮಾವನ ಎಲ್ಲ ಪ್ರಶ್ನೆಗಳೂ ತಮಾಷೆಯವಲ್ಲ. 2025ರ ಏಪ್ರಿಲ್‌ನಲ್ಲಿ ಒಂದು ರಾತ್ರಿ ಫೋನ್ ಮಾಡಿ, "ನನ್ನ ಗೆಳೆಯನಿಗೆ ಪಾರ್ಕಿನ್ಸನ್ ಇದೆಯಲ್ಲ, ನಿಮ್ಮ ಕ್ಯೋಟೊದಲ್ಲಿ ವಾಸಿ ಮಾಡ್ತಿದ್ದಾರಂತೆ. ವೀಸಾ ಎಷ್ಟು ದಿನಕ್ಕೆ ಸಿಗುತ್ತೆ?" ಅಂದರು. ದನಿಯಲ್ಲಿ ನಗು ಇರಲಿಲ್ಲ.

ಶಿನ್ಯಾ ಯಾಮಾನಾಕಾ 2006ರಲ್ಲಿ ಇದೇ ಊರಿನಲ್ಲಿ ಇಲಿಯ ಚರ್ಮದ ಕೋಶಕ್ಕೆ ನಾಲ್ಕು ಜೀನ್ ಹಾಕಿ, ಅದನ್ನು ಮತ್ತೆ ಏನು ಬೇಕಾದರೂ ಆಗಬಲ್ಲ ಕೋಶವನ್ನಾಗಿ ಮಾಡಿದ್ದರು. ಅದೇ ಐಪಿಎಸ್ ಕೋಶ. 2012ರಲ್ಲಿ ನೊಬೆಲ್ ಬಂತು. ಅಂಥ ಕೋಶಗಳಿಂದ, ಚಲನೆಗೆ ಬೇಕಾದ ಡೋಪಮಿನ್ ಅನ್ನೋ ರಾಸಾಯನಿಕ ಕೊಡುವ ನರಕೋಶಗಳನ್ನು ಬೆಳೆಸಿ, ಪಾರ್ಕಿನ್ಸನ್ ಇರುವ ಏಳು ಜನರ ಮೆದುಳಿಗೆ ಕ್ಯೋಟೊ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಕಸಿ ಮಾಡಿದರು. ಎರಡು ವರ್ಷ ಕಾದು ನೋಡಿದರು. ಗಡ್ಡೆ ಬೆಳೆಯಲಿಲ್ಲ, ದೊಡ್ಡ ತೊಂದರೆ ಆಗಲಿಲ್ಲ. ಔಷಧದ ಬಲ ಇಳಿದಾಗಿನ ಚಲನೆಯನ್ನು ಅಳೆದ ಆರು ಜನರಲ್ಲಿ ನಾಲ್ವರಿಗೆ ಸುಧಾರಿಸಿತ್ತು. ಆ ತಿಂಗಳು ಪ್ರಕಟವಾಗಿದ್ದು ಇಷ್ಟು.

ಇದನ್ನು ಹೇಗೆ ಹೇಳುವುದು? ಏಳೇ ಜನ ಮಾವ, ಮುಖ್ಯವಾಗಿ ಅಪಾಯ ಇದೆಯಾ ಅಂತ ನೋಡೋಕೆ ಮಾಡಿದ್ದು, ಅವರೆಲ್ಲ 50ರಿಂದ 69ರ ಒಳಗಿನವರು ಅಂದೆ. ಮಾವನ ಗೆಳೆಯರಿಗೆ 76. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಸರಿ ಬಿಡಮ್ಮಾ, ಅವನಿಗೆ ಸುದ್ದಿ ಮಾತ್ರ ಹೇಳ್ತೀನಿ, ವಯಸ್ಸಿನ ವಿಷಯ ಹೇಳಲ್ಲ" ಅಂದರು. ನಾನು ಬೇಡ ಅನ್ನಲಿಲ್ಲ.

ಆಮೇಲೆ ಫಾರ್ವರ್ಡ್ ಬಂದಾಗ ತಕ್ಷಣ ತಿದ್ದುವ ಚಾಳಿ ಸ್ವಲ್ಪ ಕಡಿಮೆಯಾಗಿದೆ ನನಗೆ. ಫ್ಯೂಜಿ ಬೆಟ್ಟದ ಮೇಲಿನ ಮೋಡದ ನೀರಿನಲ್ಲೂ ಪ್ಲಾಸ್ಟಿಕ್ ಸಿಕ್ಕಿತು ಅಂತ ಒಂದು ಬಂತು. ನಿಜವೇ. ವಾಸೆದಾ ವಿಶ್ವವಿದ್ಯಾಲಯದವರು 2023ರಲ್ಲಿ ಹೇಳಿದ್ದು, ಲೀಟರಿಗೆ 6.7ರಿಂದ 13.9 ಚೂರು. ಸಮುದ್ರದ ನೀರಲ್ಲಿ ಕರಗುವ ಪ್ಲಾಸ್ಟಿಕ್ ಅಂತ ಇನ್ನೊಂದು. ಅದೂ ನಿಜ. ಜಪಾನಿನ ರೀಕೆನ್ ಸಂಶೋಧನಾ ಸಂಸ್ಥೆಯ ತಾಕುಜೊ ಐಡಾ ಅವರ ತಂಡ 2024ರಲ್ಲಿ ತೋರಿಸಿತು. ಎರಡು ಥರದ ಅಣುಗಳನ್ನು ವಿದ್ಯುದಾವೇಶದ ಹಿಡಿತದಲ್ಲಿ ಕಟ್ಟಿರುತ್ತಾರೆ. ಉಪ್ಪುನೀರು ಬಂದು ಆ ಹಿಡಿತ ಬಿಡಿಸುತ್ತದೆ, ಗಂಟೆಗಳಲ್ಲಿ ಕರಗುತ್ತದೆ. ಹಾಗಾದರೆ ಉಪ್ಪಿರುವ ಪದಾರ್ಥ ತುಂಬಿಸಿದರೆ? ಮೇಲೆ ನೀರು ತಾಗದ ಲೇಪನ ಬೇಕು. ಲೇಪನ ಗೀಚಿದರೆ ಕರಗಲು ಶುರು. ಈ ಪ್ರಶ್ನೆಯನ್ನು ನಾನು ಹೇಳುವ ಮೊದಲೇ ಮಾವ ಕೇಳಿದರು. ತಯಾರಾಗುತ್ತಿದ್ದಾರೆ.

ಹೋದ ವಾರ ಸೆನ್ಸೇಯ ಒಪ್ಪಿಗೆ ಕೇಳಿ, ಲ್ಯಾಬಿನಿಂದಲೇ ಮಾವನಿಗೆ ವಿಡಿಯೊ ಕಾಲ್ ಮಾಡಿದೆ. ಒಣಗಿಸಿದ ತಾಮ್ರದ ಪುಡಿಯ ಪುಟ್ಟ ಸೀಸೆಯನ್ನು ಬಿಳಿ ಹಾಳೆಯ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಬಂದರು. ಪುಡಿಯನ್ನು ಹಾಳೆಯ ಮೇಲೆ ತೆಳ್ಳಗೆ ಸುರಿದೆ. ಇಬ್ಬರೂ ಸುಮ್ನೆ ನೋಡುತ್ತಾ ಕೂತೆವು. ಅಂಚಿನಿಂದ ಬಣ್ಣ ತಿಳಿಯಾಗುತ್ತಾ ಒಳಗೆ ಬಂತು.

"ಇದು ಈಗ ನೀರು ಕುಡೀತಾ ಇದೆಯಾ?"

"ಹೂಂ ಮಾವ."

"ಎಷ್ಟು ಚೆನ್ನಾಗಿದೆ." ಸ್ವಲ್ಪ ಹೊತ್ತು ಬಿಟ್ಟು, "ಇನ್ನು ಇದನ್ನ ಬಿಸಾಕಬೇಕಾ?"

"ಹೂಂ. ತಾಮ್ರ ಇದೆಯಲ್ಲ, ಇದಕ್ಕೆ ಬೇರೆ ಡಬ್ಬಿ."

"ಅಲ್ಲೂ ಕಸ ಬೇರೆ ಮಾಡ್ತೀಯಾ?" ಅಂತ ಮಾವ ಜೋರಾಗಿ ನಕ್ಕರು. ಪಕ್ಕದ ಬೆಂಚಿನ ಹುಡುಗ ತಿರುಗಿ ನೋಡಿದ.