ಹುಚ್ಚಾಸ್ಪತ್ರೆ ನಕ್ಷೆ: ಕೆಲಸ ಎಲ್ಲಿಗೆ ಬಂತು

ಅಂತೂ ನಕ್ಷೆಗೆ ಬಣ್ಣ ಬಿತ್ತು. ಹೊಸಬರಿಗೆ ಒಂದು ಮಾತು. ನಮ್ಮ ಕಲಬುರಗಿ ಕಡೆಯ ಮನೋರೋಗಿಗಳಿಗೆ ಯಾವ ಕಾಲದಲ್ಲಿ ಯಾವ ದೊಡ್ಡಾಸ್ಪತ್ರೆ ಇತ್ತು ಅಂತ ಒಂದೇ ಡ್ರಾಯಿಂಗ್ ಶೀಟಿನಲ್ಲಿ ತೋರಿಸೋ ಕೆಲಸ ಇದು.

1 ಸೆಂ.ಮೀ.ಗೆ 20 ಕಿ.ಮೀ. ಲೆಕ್ಕ. ರಸ್ತೆ ಅಲ್ಲ, ಸುಮ್ನೆ ಸ್ಕೇಲಿಟ್ಟು ಎಳೆದ ನೇರ ಗೆರೆ. ಮೊದಲ ಗೆರೆ ಜಾಲ್ನಾಕ್ಕೆ, ಸುಮಾರು 15 ಸೆಂ.ಮೀ. ನಿಜಾಮರ ಕಾಲದ ಹುಚ್ಚಾಸ್ಪತ್ರೆ ಇದ್ದದ್ದು ಅಲ್ಲಿ, ಗೋದಾವರಿ ಆಚೆ, ಅದೂ ಜೈಲಿನೊಳಗೆ. 1953ರಲ್ಲಿ ಅದನ್ನು ಹೈದರಾಬಾದಿನ ಎರ್ರಗಡ್ಡಕ್ಕೆ ತಂದರು, ಗೆರೆ 8.5 ಸೆಂ.ಮೀ.ಗೆ ಇಳಿಯಿತು. ಬೀದರಿನಿಂದಾದರೆ 6ಕ್ಕೂ ಕಡಿಮೆ. ಆ ಸುಖ ಮೂರೇ ವರ್ಷ. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಎರ್ರಗಡ್ಡ ಆಂಧ್ರಪ್ರದೇಶದ ಪಾಲಾಯಿತು. ಇನ್ನು ನಮ್ಮ ರಾಜ್ಯದ್ದು ಅಂದರೆ 1845ರಿಂದ ಇರೋ ಧಾರವಾಡದ್ದು, 14 ಸೆಂ.ಮೀ., ಇಲ್ಲಾ ಬೆಂಗಳೂರು, 24.5. ಗಡಿ ಬದಲಾದರೂ ಜನ ಬಸ್ಸು ಹತ್ತೋದು ಹತ್ತಿರದ ಊರಿಗೇ, ಅಲ್ವಾ?

ಶೀಟಿನ ಅಂಚಿನಲ್ಲಿ ವಿವಾದಗಳನ್ನು ಬರೀತಿದ್ದೇನೆ. ಸರಪಳಿ, ಕರೆಂಟ್ ಶಾಕ್ ಎಲ್ಲರಿಗೂ ಗೊತ್ತು. ಅರಿವಳಿಕೆ ಇಲ್ಲದೆ ಶಾಕ್ ಕೊಡಬಾರದು, ಸರಪಳಿ ಹಾಕಬಾರದು ಅಂತ ಕಾಯ್ದೆಯಾಗೋಕೆ 2017 ಬರಬೇಕಾಯಿತು. ಏರ್ವಾಡಿ ತಮಿಳುನಾಡಿನಲ್ಲಿದೆ, ಶೀಟಿನಿಂದಲೇ ಆಚೆ ಹೋಗುತ್ತೆ, ಅದಕ್ಕೆ ಬೇರೆ ಚೌಕ ಹಾಕಿದೆ. 2001ರ ಆಗಸ್ಟ್ 6ರಂದು ಅಲ್ಲಿ ಬೆಂಕಿ ಬಿದ್ದು ಸರಪಳಿಯಲ್ಲಿದ್ದ 28 ಜನ ಸತ್ತರು. ಅದು ಆಸ್ಪತ್ರೆಯೂ ಅಲ್ಲ, ದರ್ಗಾ ಹತ್ತಿರದ ಖಾಸಗಿ ಆಶ್ರಯ.

ಆದರೆ ಗೆರೆ ಎಳೀತಾ ಎಳೀತಾ ನನಗೆ ಜಾಸ್ತಿ ಸಿಟ್ಟು ಬಂದಿದ್ದು ಈ ದೂರದ ಮೇಲೆ. ಅಷ್ಟು ದೂರ ಬಿಟ್ಟು ಬಂದವರನ್ನು ನೋಡೋಕೆ ಕೂಲಿ ಬಿಟ್ಟು ಎಷ್ಟು ಸಲ ಹೋಗೋಕಾಗುತ್ತೆ?

ಇದಕ್ಕೆ ದಾರಿ ತೋರಿಸಿದ್ದು ಪಕ್ಕದ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ತರಬೇತಿ ಕೊಟ್ಟು, ಮಾತ್ರೆ ಹತ್ತಿರದಲ್ಲೇ ಸಿಗೋ ಹಾಗೆ ಮಾಡಿದರು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಇದು ಗೆರೆಯಲ್ಲಿ ಬರಲ್ಲ, ಹಸಿರು ಚುಕ್ಕಿ ಇಡಬೇಕು. ಮುಂದಿನ ಕೆಲಸ ಅದೇ.

ನಿಮ್ಮ ಮನೆ ಹಿರಿಯರು ಯಾರನ್ನಾದರೂ ಎರ್ರಗಡ್ಡಕ್ಕೆ ಕರಕೊಂಡು ಹೋಗಿದ್ದರೆ, ಯಾವ ರೈಲು, ಎಲ್ಲಿ ಇಳಿದರು ಅಂತ ಕೇಳಿ ತಿಳಿಸ್ರಿ. ಹೆಸರು ಬೇಡ.