ಚೀಟಿಯಲ್ಲಿದ್ದ ‘ಕ್ಯಾನ್ಸರ್ ಮಾತ್ರೆ’

ಮಕ್ಕಳಾಗಿಲ್ಲ, ಟ್ರೀಟ್‌ಮೆಂಟ್ ತಗೋಬೇಕು ಅಂದರೆ ನಮ್ಮ ದಾವಣಗೆರೆಯಲ್ಲಿ ಈಗ ಎಲ್ಲರೂ ನೇರವಾಗಿ ಐವಿಎಫ್‌ಗೇ, ಅಂದರೆ ಲ್ಯಾಬಿನಲ್ಲಿ ಭ್ರೂಣ ಬೆಳೆಸಿ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆಗೇ, ಹೋಗಿಬಿಡುತ್ತಾರೆ. ಮಾತಿನಲ್ಲೂ ಅಷ್ಟೇ, ದುಡ್ಡಿನಲ್ಲೂ ಅಷ್ಟೇ. ನನ್ನ ಕಥೆ ಅಷ್ಟು ದೊಡ್ಡದಲ್ಲ. ಐದು ದಿನ ನುಂಗುವ ಒಂದು ಪುಟ್ಟ ಮಾತ್ರೆಯದು. ಬೆಲೆಯೂ ಸೀರೆಗೆ ಫಾಲ್ ಹಾಕಿಸಿ ಪಿಕೋ ಮಾಡಿಸುವಷ್ಟೇ.

ನನಗಿದ್ದದ್ದು ಪಿಸಿಓಡಿ, ಅಂಡಾಶಯದಲ್ಲಿ ಮೊಟ್ಟೆ ಸರಿಯಾಗಿ ಬೆಳೆಯದ ತೊಂದರೆ. ಮುಟ್ಟು ಒಂದೂವರೆ ತಿಂಗಳಿಗೊಮ್ಮೆ ಬಂದರೆ ಪುಣ್ಯ. ಮದುವೆಯಾಗಿ ವರ್ಷ ದಾಟಿದ ಮೇಲೆ ‘ಏನಾದ್ರೂ ವಿಶೇಷ?’ ಶುರುವಾಯಿತು. ಅಶ್ವತ್ಥ ಕಟ್ಟೆ ಸುತ್ತಿದೆ, ಕುಕ್ಕೆಗೂ ಹೋಗಿಬಂದೆವು. ಅದರ ಬಗ್ಗೆ ನನಗೇನೂ ಬೇಸರವಿಲ್ಲ, ಕುಕ್ಕೆಯ ಊಟ ಚೆನ್ನಾಗಿತ್ತು. ಡಾಕ್ಟರಮ್ಮ ಮಾತ್ರ ಸ್ಕ್ಯಾನ್ ನೋಡುತ್ತಲೇ ಹೇಳಿದರು, ‘ನಿಮಗೆ ಮೊಟ್ಟೆ ಕಮ್ಮಿ ಇಲ್ಲಮ್ಮ, ಜಾಸ್ತಿನೇ ಇವೆ. ಒಂದೂ ಪೂರ್ತಿ ಬೆಳೆದು ಹೊರಗೆ ಬರ್ತಿಲ್ಲ ಅಷ್ಟೇ.’

ಆಮೇಲೆ ಟೆಸ್ಟುಗಳು. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಶುಗರ್. ಜೊತೆಗೆ ಗಂಡನ ವೀರ್ಯ ಪರೀಕ್ಷೆ. ನಮ್ಮತ್ತೆಗೆ ಇದು ಹಿಡಿಸಲಿಲ್ಲ. ‘ಅವನಿಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದಾನೆ’ ಅಂದರು. ಗುಂಡುಕಲ್ಲಿನ ಹಾಗಿರುವವರ ರಿಪೋರ್ಟೂ ಖಾಲಿ ಬರಬಹುದು. ಮಕ್ಕಳಾಗದ ಜೋಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಗಂಡಿನ ಕಡೆಯದೂ ಏನಾದರೂ ತೊಂದರೆ ಸೇರಿರುತ್ತದೆ. ಗಂಡಸಿನ ಪರೀಕ್ಷೆಗೆ ಒಂದು ಡಬ್ಬಿ, ಒಂದು ಕೋಣೆ, ಸೂಜಿಯೂ ಇಲ್ಲ. ಹೆಂಗಸಿಗಾದರೆ ಎಚ್‌ಎಸ್‌ಜಿ ಅಂತ ಗರ್ಭಕೋಶದೊಳಗೆ ಡೈ ಬಿಟ್ಟು, ಎಕ್ಸ್‌ರೇ ಹಿಡಿದು, ಟ್ಯೂಬ್ ತೆರೆದಿದೆಯಾ ನೋಡುತ್ತಾರೆ. ಸ್ವಲ್ಪ ನೋಯುತ್ತೆ ಅಂದಿದ್ದರು. ಸ್ವಲ್ಪ ಅಲ್ಲ! ನನ್ನ ಎರಡೂ ಟ್ಯೂಬ್ ತೆರೆದಿದ್ದವು, ಗಂಡನ ರಿಪೋರ್ಟೂ ಸರಿಯಿತ್ತು. ಅಂದರೆ ಮೊಟ್ಟೆ ಹೊರಬರದಿರುವುದೊಂದೇ ತೊಂದರೆ.

ಅದಕ್ಕೆ ಬರೆದುಕೊಟ್ಟದ್ದು ಲೆಟ್ರೋಜೋಲ್ 2.5 ಮಿಲಿಗ್ರಾಂ, ಮುಟ್ಟಿನ ಎರಡನೇ ದಿನದಿಂದ ಐದು ದಿನ. ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ, ನನ್ನ ಮುಖ ನೋಡಿ, ದನಿ ತಗ್ಗಿಸಿ ಕೇಳಿದ, ‘ಅಕ್ಕಾ, ಇದು ಬ್ರೆಸ್ಟ್ ಕ್ಯಾನ್ಸರ್ ಮಾತ್ರೆ, ಯಾರಿಗೆ?’ ಡಬ್ಬಿಯೊಳಗಿನ ಹಾಳೆಯಲ್ಲೂ ಹಾಗೇ ಇತ್ತು. ಆ ರಾತ್ರಿ ಮಾತ್ರೆ ನುಂಗಲಿಲ್ಲ. ಬೆಳಿಗ್ಗೆ ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

ಅವರು ಹೇಳಿದ್ದು ಇಷ್ಟು. ಈ ಮಾತ್ರೆ ಮೈಯಲ್ಲಿ ಈಸ್ಟ್ರೊಜನ್ ತಯಾರಾಗುವುದನ್ನು ತಡೆಯುತ್ತದೆ. ಕ್ಯಾನ್ಸರ್‌ಗೆ ಕೊಡುವುದೂ ಅದಕ್ಕೇ. ನಮಗೆ ಐದೇ ದಿನ ಕೊಡುತ್ತಾರೆ. ಈಸ್ಟ್ರೊಜನ್ ಇಳಿದಾಗ ಮಿದುಳು ‘ಸಾಲದು’ ಅಂದುಕೊಂಡು ಎಫ್‌ಎಸ್‌ಎಚ್ ಹಾರ್ಮೋನ್ ಹೆಚ್ಚಿಸುತ್ತದೆ, ಅದರಿಂದ ಮೊಟ್ಟೆಯ ಕೋಶ ಬೆಳೆಯುತ್ತದೆ. ಗರ್ಭ ನಿಲ್ಲುವ ಹೊತ್ತಿಗೆ ಮಾತ್ರೆ ಮೈಯಿಂದ ಹೋಗಿರುತ್ತದೆ.

ಹುಡುಗನ ಅನುಮಾನಕ್ಕೆ ಹಳೆಯ ಕಾರಣವೂ ಇತ್ತು. 2005ರಲ್ಲಿ ಕೆನಡಾದ ಒಂದು ಸಣ್ಣ ವರದಿ ಈ ಮಾತ್ರೆಯಿಂದ ಮಗುವಿಗೆ ಅಂಗದೋಷ ಬರಬಹುದು ಅಂದಿತು. ಮರುವರ್ಷವೇ 900ಕ್ಕೂ ಹೆಚ್ಚು ಮಕ್ಕಳನ್ನು ನೋಡಿದ ಅಧ್ಯಯನದಲ್ಲಿ ಅಂಥದ್ದೇನೂ ಕಾಣಲಿಲ್ಲ. ಆದರೂ ನಮ್ಮ ಸರ್ಕಾರ 2011ರಲ್ಲಿ ಬಂಜೆತನದ ಚಿಕಿತ್ಸೆಗೆ ಇದನ್ನು ನಿಷೇಧಿಸಿತು. ಅಷ್ಟರಲ್ಲಿ ಅಮೆರಿಕದಲ್ಲಿ 750 ಪಿಸಿಓಡಿ ಹೆಂಗಸರ ಮೇಲೆ ದೊಡ್ಡ ಅಧ್ಯಯನ ನಡೆದು, 2014ರಲ್ಲಿ ಪ್ರಕಟವಾಯಿತು. ಇದೇ ಕೆಲಸಕ್ಕೆ ಕೊಡುತ್ತಿದ್ದ ಹಳೆಯ ಮಾತ್ರೆ ಕ್ಲೋಮಿಫೀನ್ ತಗೊಂಡವರಲ್ಲಿ ಶೇ. 19ರಷ್ಟು ಮಂದಿಗೆ ಮಗುವಾದರೆ, ಲೆಟ್ರೋಜೋಲ್‌ನಲ್ಲಿ ಶೇ. 27ಕ್ಕೂ ಜಾಸ್ತಿ. ನಮ್ಮಲ್ಲಿ ನಿಷೇಧ ಹೋಗಿದ್ದು 2017ರಲ್ಲಿ. ಈಗ ಪಿಸಿಓಡಿಗೆ ಮೊದಲು ಕೊಡುವುದೇ ಇದನ್ನು. ನಡುವಿನ ಆ ವರ್ಷಗಳಲ್ಲಿ ಎಷ್ಟು ಜನ ಹೆಂಗಸರಿಗೆ ಸುಮ್ನೆ ತಪ್ಪಿಹೋಯಿತೋ.

ಮಾತ್ರೆಗಿಂತ ಕಷ್ಟ ಅಂದರೆ ಫಾಲಿಕ್ಯುಲರ್ ಸ್ಟಡಿ. ಮೊಟ್ಟೆಯ ಕೋಶ ಎಷ್ಟು ಬೆಳೆದಿದೆ ಅಂತ ದಿನ ಬಿಟ್ಟು ದಿನ ಬೆಳಿಗ್ಗೆ ಒಳಗಿಂದ ಮಾಡುವ ಸ್ಕ್ಯಾನ್. ನಾನು ಕೆಲಸ ಮಾಡುವ ಬ್ಯಾಂಕಿನ ಕೌಂಟರ್ ತೆರೆಯುವುದರೊಳಗೆ ಓಡಿ ಬರಬೇಕು. ಸ್ಕ್ಯಾನ್ ರೂಮಿನ ಹೊರಗೆ ಬೆಂಚಿನ ಮೇಲೆ ಎಂಟು ಹತ್ತು ಜನ. ಯಾರ ಹೆಸರು ಯಾರಿಗೂ ಗೊತ್ತಿಲ್ಲ, ಮಿಲಿಮೀಟರ್ ಮಾತ್ರ ಎಲ್ಲರಿಗೂ ಗೊತ್ತು. ‘ನಿಂದೆಷ್ಟಾಯ್ತು?’ ‘ಎಡಗಡೆ ಹದಿನಾಲ್ಕು.’ ‘ನಂದು ಹತ್ತರಲ್ಲೇ ಕೂತಿದೆ ಕಣೇ.’ ಹದಿನೆಂಟು ಇಪ್ಪತ್ತಕ್ಕೆ ಬಂದರೆ ಎಚ್‌ಸಿಜಿ ಇಂಜೆಕ್ಷನ್, ಸುಮಾರು 36 ಗಂಟೆಗೆ ಮೊಟ್ಟೆ ಹೊರಬರುತ್ತದೆ. ಮುಂದಿನ ಸ್ಕ್ಯಾನ್ ದಿನ ಬೆಂಚಿನ ಪ್ರಶ್ನೆ, ‘ಒಡೀತಾ?’ ಹರಿಹರದ ಕಡೆಯ ಒಬ್ಬರು ಎಲ್ಲರ ನಂಬರನ್ನೂ ನೆನಪಿಟ್ಟುಕೊಂಡು ಕೇಳುತ್ತಿದ್ದರು. ನಮ್ಮ ಮ್ಯಾನೇಜರ್‌ಗೂ ಅಂಥ ನೆನಪಿನ ಶಕ್ತಿ ಇಲ್ಲ.

ನನಗೆ 2.5ರಲ್ಲಿ ಬೆಳೆಯಲಿಲ್ಲ. 5ಕ್ಕೆ ಏರಿಸಿದರು. ಜೊತೆಗೆ ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ. ಮೊದಲ ವಾರ ಹೊಟ್ಟೆ ಕೆಟ್ಟು ಬೆಣ್ಣೆ ದೋಸೆ ಕಂಡರೂ ಆಗುತ್ತಿರಲಿಲ್ಲ, ತೂಕ ಇಳಿದದ್ದು ಅದರಿಂದಲೂ ಇರಬಹುದು. ಕೆಲವು ತಿಂಗಳು ‘ಬೆಳೆದಿದೆ, ಒಡೆದಿದೆ, ಆದರೆ ನಿಂತಿಲ್ಲ’ ಅನ್ನುವುದರಲ್ಲೇ ಹೋದವು. ಆಮೇಲೆ ನಿಂತಿತು. ಮಗಳು ಈಗ ಯುಕೆಜಿ.

ಹಾಗಂತ ಐವಿಎಫ್ ಬೇಡ ಅನ್ನುತ್ತಿಲ್ಲ. ನನ್ನ ಗೆಳತಿಗೆ ಹಿಂದೆ ಟಿಬಿ ಆಗಿ ಎರಡೂ ಟ್ಯೂಬ್ ಮುಚ್ಚಿಹೋಗಿದ್ದವು. ನಮ್ಮ ದೇಶದಲ್ಲಿ ಇದೇನೂ ಅಪರೂಪವಲ್ಲ. ಅವಳಿಗೆ ಎಷ್ಟು ಮೊಟ್ಟೆ ಬೆಳೆಸಿದರೂ ದಾರಿಯೇ ಇಲ್ಲ, ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವ ಐಯುಐ ಮಾಡಿದರೂ ದಂಡ. ಅವಳು ಬೆಂಗಳೂರಿಗೆ ಹೋದದ್ದೇ ಸರಿ. ದಿನಾ ಹೊಟ್ಟೆಗೆ ಇಂಜೆಕ್ಷನ್, ಅರಿವಳಿಕೆ ಕೊಟ್ಟು ಮೊಟ್ಟೆ ತೆಗೆಯುವುದು, ಲ್ಯಾಬಿನಲ್ಲಿ ಐದು ದಿನ ಬೆಳೆಸಿದ ಭ್ರೂಣ, ಮೊದಲ ಸಲ ನಿಲ್ಲಲಿಲ್ಲ, ಫ್ರೀಜ್ ಮಾಡಿಟ್ಟದ್ದರಿಂದ ಎರಡನೆಯದು ನಿಂತಿತು. ಲಕ್ಷಗಟ್ಟಲೆ ಖರ್ಚು, ಅವಳ ಇನ್ಶೂರೆನ್ಸ್‌ನಿಂದ ಒಂದು ರೂಪಾಯಿ ಬರಲಿಲ್ಲ. ಗಂಡನ ವೀರ್ಯಾಣು ಕೌಂಟ್ ತೀರಾ ಕಮ್ಮಿ ಇದ್ದವರಿಗೂ, ವಯಸ್ಸು ಮೀರುತ್ತಿರುವವರಿಗೂ ಮಾತ್ರೆ ಹಿಡಿದು ಕೂರುವುದು ಟೈಮ್ ವೇಸ್ಟ್. ಮೂವತ್ತೈದು ದಾಟಿದವರು ವರ್ಷ ಕಾಯದೆ ಆರು ತಿಂಗಳಿಗೇ ಡಾಕ್ಟರ ಹತ್ತಿರ ಹೋಗಬೇಕು. 2021ರ ಕಾನೂನಿನ ಪ್ರಕಾರ ಐವಿಎಫ್‌ನಂಥ ಚಿಕಿತ್ಸೆ ಹೆಣ್ಣಿಗೆ 50, ಗಂಡಿಗೆ 55 ವರ್ಷದವರೆಗೆ ಮಾತ್ರ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ನಮ್ಮ ಬ್ರಾಂಚಿನ ಹೊಸ ಹುಡುಗಿಗೆ ಇಪ್ಪತ್ತೇಳು ವರ್ಷ. ಮುಟ್ಟು ನನ್ನ ಹಾಗೇ ಏರುಪೇರು. ಒಂದು ಕಡೆ ತೋರಿಸಿದ ದಿನವೇ ಐವಿಎಫ್ ಪ್ಯಾಕೇಜ್ ಪಟ್ಟಿ ಕೈಗೆ ಕೊಟ್ಟು ಕಳಿಸಿದ್ದಾರೆ. ‘ಇದು ನನ್ನ ಯಾವ ತೊಂದರೆಗೆ ಅಂತ ಕೇಳಿದೆಯಾ?’ ಅಂದೆ. ಕೇಳಿರಲಿಲ್ಲ. ಸೋಮವಾರ ಬೇರೆ ಡಾಕ್ಟರ ಹತ್ತಿರ ಹೋಗುತ್ತಿದ್ದಾಳೆ. ಥೈರಾಯ್ಡ್ ಆಗಿದೆ, ಸ್ಕ್ಯಾನ್ ಆಗಿದೆ, ಎಚ್‌ಎಸ್‌ಜಿ ಕೂಡ ಮಾಡಿಸಿಬಿಟ್ಟಿದ್ದಾರೆ. ಗಂಡನ ಟೆಸ್ಟ್ ಮಾತ್ರ ಇನ್ನೂ ಆಗಿಲ್ಲವಂತೆ, ಅವರಿಗೆ ರಜೆ ಸಿಕ್ಕಿಲ್ಲವಂತೆ.